ಪುರಸಭೆ ಸಭಾಂಗಣದಲ್ಲಿ ತಗಡು ಬಡಿದ ಬಗ್ಗೆ

ನಾನು, ಬೀದಿಯವರೆಲ್ಲ ತಗಡಕ್ಕ ಎಂದು ಕರೆಯುವವಳು, ವಯಸ್ಸು ಐವತ್ಮೂರು, ಕಸುಬು ತಗಡಿನ ಕೆಲಸ, ವಾಸ ಹಳೇ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಹದಿನೇಳನೇ ನಂಬರಿನ ಮನೆ, ಈ ದಿನ ಮಧ್ಯಾಹ್ನ ಮೂರು ಗಂಟೆಗೆ ಠಾಣೆಗೆ ಬಂದು, ನನ್ನ ಮೇಲೆ ಪುರಸಭೆ ಅಧ್ಯಕ್ಷರು ಕೊಟ್ಟಿರುವ ದೂರನ್ನು ಓದಿಸಿ ಕೇಳಿದ ಮೇಲೆ ನನ್ನ ಕಡೆಯಿಂದ ತಿಳಿಸುವುದೇನೆಂದರೆ:

ದೂರಿನಲ್ಲಿ ನನ್ನ ಮೇಲೆ ಮೂರು ಆಪಾದನೆ ಇದೆ. ಸಾರ್ವಜನಿಕ ಸಭೆಗೆ ಅಡ್ಡಿಪಡಿಸಿದೆ ಎನ್ನುವುದು ನಿಜ. ನಿಲ್ಲಿಸು ಎಂದರೂ ನಿಲ್ಲಿಸಲಿಲ್ಲ ಎನ್ನುವುದೂ ನಿಜ. ಕಾವಲುಗಾರನ ಮೇಲೆ ಕೊಡತಿ ಎತ್ತಿದೆ ಎನ್ನುವುದು ಶುದ್ಧ ಸುಳ್ಳು. ಕೊಡತಿ ಎಂದರೆ ನಾವು ತಗಡು ಬಡಿಯುವ ಮರದ ಸುತ್ತಿಗೆ. ಅದನ್ನು ಎತ್ತಿದ್ದು ತಗಡಿನ ಮೇಲೆ ಇಳಿಸಲಿಕ್ಕೆ. ಎತ್ತದೆ ಇಳಿಸುವ ಕೊಡತಿಯನ್ನು ನಾನಂತೂ ಇನ್ನೂ ಕಂಡಿಲ್ಲ. ಬರೆದುಕೊಳ್ಳುತ್ತಿರುವ ಮುಖ್ಯಪೇದೆಯವರು ಇಷ್ಟು ಸಾಕು, ಸಹಿ ಹಾಕಿ ಎಂದರು. ಸಾಲದು ಎಂದೆ. ಮೊದಲಿನಿಂದ ಬರೆದುಕೊಳ್ಳಬೇಕೆಂದು ಕೇಳಿದ್ದಕ್ಕೆ ಅವರು ಹೊಸ ಹಾಳೆ ತೆಗೆದುಕೊಂಡಿದ್ದಾರೆ.

ಹೋದ ವರ್ಷ ಪುರಸಭೆಯವರು ಊರಿನ ವಲಯ ನಿಯಮಗಳನ್ನು ಹೊಸದಾಗಿ ಬರೆಸುವುದೆಂದು ತೀರ್ಮಾನ ಮಾಡಿದರು. ಯಾವ ಬೀದಿಯಲ್ಲಿ ಬರೀ ಮನೆ ಇರಬೇಕು, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಎಂದು ಹೇಳುವ ನಿಯಮಗಳು ಅವು. ಹಳೆಯವು ನಾನು ಹುಟ್ಟುವ ಮೊದಲು ಬರೆದವು. ಅದರಲ್ಲಿ ಕುದುರೆ ಕಟ್ಟುವ ಜಾಗದ ಬಗ್ಗೆ ಒಂದು ಇಡೀ ಅಧ್ಯಾಯ ಇದೆ, ಮನೆಯಲ್ಲೇ ಕಸುಬು ಮಾಡುವವರ ಬಗ್ಗೆ ಒಂದು ಸಾಲೂ ಇಲ್ಲ. ಹಾಗಾಗಿ ನಮ್ಮ ಲೈಸೆನ್ಸು ಪ್ರತಿವರ್ಷ ಗುಮಾಸ್ತರ ಮನಸ್ಸು ಹೇಗಿದೆಯೋ ಹಾಗೆ. ಹೊಸದಾಗಿ ಬರೆಯಲು ಹೊರಗಿನಿಂದ ಒಬ್ಬ ಸಲಹೆಗಾರರನ್ನು ನೇಮಿಸುತ್ತಾರೆಂದು ತಿಳಿದಾಗ ನಾವು ವಿರೋಧ ಮಾಡಲಿಲ್ಲ. ವಾರ್ಡಿನ ಸಭೆಯಲ್ಲಿ ಬೇಕು ಎಂದು ಕೈ ಎತ್ತಿದವರೇ ನಮ್ಮ ಬೀದಿಯವರು. ನಾನೂ ಎತ್ತಿದೆ. ಓದಿದವರು, ಊರಿಗೆ ಹೊಸಬರು, ಯಾರ ಕಡೆಯವರೂ ಅಲ್ಲ, ಕಣ್ಣಾರೆ ನೋಡಿ ಬರೆಯುತ್ತಾರೆ ಎಂದು ಎಲ್ಲರಿಗೂ ಖುಷಿಯಾಗಿತ್ತು.

ನಮ್ಮ ಬೀದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಮುಂದಿನ ಕೋಣೆಯಲ್ಲಿ ಕೆಲಸ, ಹಿಂದೆ ಸಂಸಾರ. ಬಡಗಿಯಣ್ಣ ಇದ್ದಾರೆ, ವೆಲ್ಡಿಂಗ್ ಮಾಡುವ ತಮ್ಮ ಇದ್ದಾನೆ, ಹಾಸಿಗೆ ಹೊಲಿಯುವ ಅಕ್ಕತಂಗಿಯರಿದ್ದಾರೆ. ನಮ್ಮ ಮನೆಯಲ್ಲಿ ಮುಂದಿನ ಕೋಣೆಯಲ್ಲಿ ನಾನು ಬಕೆಟ್ಟು, ಸೂರಿನ ನೀರು ಹರಿಯುವ ದೋಣಿ, ಹೊಗೆಕೊಳವೆ ಮಾಡುತ್ತೇನೆ. ಅದರ ಹಿಂದೆ ಒಂದು ಪರದೆ. ಪರದೆಯ ಹಿಂದೆ ನನ್ನ ಅತ್ತೆಯ ಮಂಚ.

ಅತ್ತೆಯ ವಿಷಯ ಈ ಪ್ರಕರಣಕ್ಕೆ ಸಂಬಂಧವಿಲ್ಲ ಎಂದು ಮುಖ್ಯಪೇದೆಯವರು ಹೇಳಿದರು. ಇಡೀ ಪ್ರಕರಣವೇ ಅತ್ತೆಯದು, ಬರೆಯಿರಿ ಎಂದೆ. ಅತ್ತೆಗೆ ಎಪ್ಪತ್ತೊಂಬತ್ತು ವರ್ಷ. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಬಾಯಿ ಬೀಳಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆಂದು ಡಾಕ್ಟರು ಹೇಳಿದ್ದಾರೆ. ಒಂದು ಸಲ ಆಗಿದೆ. ಅದನ್ನು ತೊಳೆದ ಕೈ ಇದು, ಇನ್ನೊಮ್ಮೆ ಆಗಲು ಬಿಡುವುದಿಲ್ಲ. ಒಂದು ಕೆಲಸ ಮುಗಿಸಿ ಎದ್ದು ಅವರನ್ನು ಹೊರಳಿಸಿ ಬಂದು ಇನ್ನೊಂದು ಹಿಡಿಯುತ್ತೇನೆ. ನನ್ನ ಗಂಡ ತೀರಿಕೊಂಡಾಗ ನನಗೆ ಮೂವತ್ತನಾಲ್ಕು. ತಗಡಿನ ಕೆಲಸ ಗಂಡನದಲ್ಲ, ಅತ್ತೆಯದು, ಅವರಪ್ಪನಿಂದ ಅವರಿಗೆ ಬಂದದ್ದು. ತವರಿಗೆ ಹೋಗು ಎಂದು ಎಲ್ಲರೂ ಬುದ್ಧಿ ಹೇಳುತ್ತಿದ್ದಾಗ ಅತ್ತೆ ನನ್ನ ಕೈಗೆ ತಗಡು ಕತ್ತರಿ ಕೊಟ್ಟು, ಅಳೋದಾದ್ರೆ ಕತ್ತರಿಸ್ತಾ ಅಳು, ಎರಡೂ ಕೆಲ್ಸ ಆಗುತ್ತೆ ಎಂದರು. ಆ ಮಾತನ್ನು ಹಾಗೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ.

ಸಲಹೆಗಾರರು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಬೀದಿ ನೋಡಲು ಬರುತ್ತಾರೆಂದು ಪುರಸಭೆಯ ಜವಾನ ಎರಡು ದಿನ ಮೊದಲೇ ಹೇಳಿ ಹೋದ. ಆವತ್ತು ಸಂಜೆ ಬಡಗಿಯಣ್ಣನ ಕಟ್ಟೆಯ ಮೇಲೆ ನಾವೆಲ್ಲ ಸೇರಿದೆವು. ಅಷ್ಟು ದೊಡ್ಡ ಮನುಷ್ಯರು ಬರುವಾಗ ಗರಗಸ ಕಿರುಗುಟ್ಟಿದರೆ ಏನು ಚೆನ್ನ, ಅವರ ಮಾತು ಅವರಿಗಾದರೂ ಕೇಳಿಸಬೇಡವೇ ಎಂದು ಬಡಗಿಯಣ್ಣ ಹೇಳಿದರು. ಮನೆಗೆ ಬಂದವರನ್ನು ಗದ್ದಲದಲ್ಲಿ ನಿಲ್ಲಿಸಿ ಮಾತಾಡಿಸುವವರು ನಾವಲ್ಲ. ಒಬ್ಬರೂ ಬೇಡ ಎನ್ನಲಿಲ್ಲ. ಮಂಗಳವಾರವಿಡೀ ಕೆಲಸ ಬಿಟ್ಟು ಬೀದಿ ಗುಡಿಸಿದೆವು. ಮರದ ಹೊಟ್ಟು ತುಂಬಿ ಸಾಗಿಸಿದೆವು. ವೆಲ್ಡಿಂಗ್ ತಮ್ಮ ಸಿಲಿಂಡರುಗಳನ್ನು ಗೋಡೆ ಬದಿಗೆ ಉರುಳಿಸಿ ಮೇಲೊಂದು ಹೂವಿನ ಬಟ್ಟೆ ಹೊದಿಸಿದ. ನಾನು ತಗಡೆಲ್ಲ ಒಳಗೆ ಒಟ್ಟಿ, ಶಟರ್ ಎಳೆದು, ಅದರ ಮುಂದೆ ಎರಡು ಕುರ್ಚಿ ಹಾಕಿದೆ. ಇದನ್ನೆಲ್ಲ ಪರದೆಯ ಸಂದಿನಿಂದ ನೋಡುತ್ತಿದ್ದ ಅತ್ತೆ, ಅವ್ನು ಬರ್ತಿರೋದು ಬೀದಿ ನೋಡೋಕಾ ಹೆಣ್ಣು ನೋಡೋಕಾ ಎಂದು ಕೇಳಿದರು. ಸುಮ್ಮನಿರಿ ಅತ್ತೆ, ನಿಮಗೆ ಗೊತ್ತಾಗಲ್ಲ ಎಂದೆ. ಹಾಗೆ ಅಂದದ್ದು ನಾನೇ.

ಬುಧವಾರ ಅವರು ಹತ್ತೂಕಾಲಿಗೆ ಬಂದರು. ನಲವತ್ತರ ಒಳಗಿನ ವಯಸ್ಸು, ಮೆಲ್ಲಗೆ ಮಾತಾಡುವವರು, ನಮಸ್ಕಾರ ಮಾಡಿದರೆ ತಿರುಗಿ ನಮಸ್ಕಾರ ಮಾಡುವವರು. ಅವರ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಬೀದಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರು, ಫೋಟೋ ತೆಗೆದರು. ಯಾವಾಗಲೂ ಇಷ್ಟೇ ಶಾಂತವೇ ಎಂದು ಬಡಗಿಯಣ್ಣನನ್ನು ಕೇಳಿದರು. ನಾವು ಜಗಳ ಗಲಾಟೆಯ ಜನ ಅಲ್ಲ ಸಾರ್ ಎಂದು ಬಡಗಿಯಣ್ಣ ಎದೆಯುಬ್ಬಿಸಿ ಹೇಳಿದರು. ನಮ್ಮ ಶಟರಿನ ಹಿಂದೆ ಏನಿದೆ ಎಂದು ನನ್ನನ್ನು ಕೇಳಿದರು. ಒಳಗೆ ಕಾಲಿಡಲು ಜಾಗವಿಲ್ಲದ ಹಾಗೆ ತುಂಬಿತ್ತು, ತೆರೆದು ತೋರಿಸಲು ನಾಚಿಕೆಯಾಯಿತು. ಏನಿಲ್ಲ ಸಾರ್, ಸಾಮಾನು ಇಟ್ಕೊಂಡಿದೀವಿ ಎಂದೆ. ಅವರು ನಮ್ಮ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು, ಇಂಥ ಬೀದಿ ಊರಿಗೊಂದಿದ್ದರೆ ಸಾಕು ಎಂದು ಹೊಗಳಿದರು. ನಾವು ಹಿಗ್ಗಿ ಹೀರೇಕಾಯಿಯಾದೆವು. ಮನೆಯಲ್ಲಿ ಅತ್ತೆ ಇದ್ದಾರೆಂದು ತಿಳಿದು ಅವರನ್ನು ಮಾತಾಡಿಸುತ್ತೇನೆ ಎಂದರು. ನಾನು ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಹೇಳಿದೆ. ಅತ್ತೆ ಗೋಡೆ ಕಡೆ ಮುಖ ಮಾಡಿ, ನಾಟಕ ನೋಡೋಕೆ ನಂಗೆ ಪುರಸೊತ್ತಿಲ್ಲ ಅನ್ನು ಎಂದರು. ನಿದ್ದೆ ಮಾಡ್ತಿದಾರೆ ಎಂದು ನಾನು ಹೊರಗೆ ಬಂದು ಹೇಳಿದೆ. ಅವರ ಕಾರು ತಿರುವು ದಾಟುವುದರೊಳಗೆ ಬಡಗಿಯಣ್ಣನ ಗರಗಸ ಶುರುವಾಗಿತ್ತು.

ನಾಲ್ಕು ತಿಂಗಳ ಮೇಲೆ ಕರಡು ನಿಯಮಗಳು ಹೊರಬಂದವು. ಪುರಸಭೆಯ ಮೊಗಸಾಲೆಯಲ್ಲಿ ನಕ್ಷೆ ತೂಗುಹಾಕಿದ್ದರು. ನಮ್ಮ ಬೀದಿಗೆ ಹಳದಿ ಬಣ್ಣ ಬಳಿದಿದ್ದರು. ಹಳದಿ ಎಂದರೆ ಬರೀ ವಾಸ. ಕೆಳಗೆ, ಈ ಬೀದಿಯ ಅಪರೂಪದ ಪ್ರಶಾಂತತೆಯನ್ನು ಕಾಪಾಡುವ ಸಲುವಾಗಿ ಇಲ್ಲಿ ಬಡಿಯುವ, ಕೊರೆಯುವ, ಬೆಸೆಯುವ ಯಾವ ಕೆಲಸಕ್ಕೂ ಅನುಮತಿ ಇರುವುದಿಲ್ಲ ಎಂದು ಬರೆದಿತ್ತು. ಯಾರಾದರೂ ಮಾಡುತ್ತಿದ್ದರೆ ಆರು ತಿಂಗಳಲ್ಲಿ ಬೈಪಾಸಿನ ಆಚೆ ಇರುವ ಕೈಗಾರಿಕಾ ಶೆಡ್ಡುಗಳಿಗೆ ಹೋಗಬೇಕು. ನಮ್ಮ ಮನೆಯಿಂದ ಅಲ್ಲಿಗೆ ಹದಿನಾಲ್ಕು ಕಿಲೋಮೀಟರು, ಎರಡು ಬಸ್ಸು. ಹೋಗಿ ಬರುವುದಕ್ಕೇ ಎರಡು ಗಂಟೆ ಮೀರುತ್ತದೆ. ನಮ್ಮ ತಲೆ ಮೇಲೆ ನಾವೇ ಚಪ್ಪಡಿ ಎಳೆದುಕೊಂಡಿದ್ದೆವು. ಮನೆಗೆ ಬಂದು ಅತ್ತೆಗೆ ಹೇಳಿದೆ. ನನಗೆ ಗೊತ್ತಿತ್ತು ಎಂದು ಅವರು ಹಂಗಿಸಲಿಲ್ಲ. ನನ್ನನ್ನ ಎಲ್ಲಾದ್ರೂ ಬಿಟ್ಟು ನೀನು ಕೆಲ್ಸಕ್ಕೆ ಹೋಗು ಎಂದರು. ಅವರು ಆ ಥರ ಮೆತ್ತಗೆ ಮಾತಾಡಿದ್ದು ಅದೇ ಮೊದಲು. ಅಷ್ಟು ಸಿಟ್ಟು ನನಗೆ ಗಂಡ ಸತ್ತಾಗಲೂ ಬಂದಿರಲಿಲ್ಲ.

ಪುರಸಭೆಗೆ ಮೂರು ಸಲ ಹೋದೆ. ಮೊದಲ ಸಲ ಗುಮಾಸ್ತರು, ವರದಿಯ ಪ್ರಕಾರ ಆ ಬೀದಿಯಲ್ಲಿ ಕಸುಬಿನ ಮನೆಯೇ ಇಲ್ಲ, ಇಲ್ಲದ್ದರ ತಕರಾರು ಹೇಗೆ ತಗೊಳ್ಳೋದು ಎಂದರು. ಎರಡನೇ ಸಲ ಲೈಸೆನ್ಸ್ ತೋರಿಸಿದೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಕೆಲಸ ನಡೆಯುತ್ತಿದೆ ಎಂದೇನಲ್ಲ, ಫೋಟೋದಲ್ಲಿ ಶಟರ್ ಮುಚ್ಚಿದೆ ಎಂದರು. ಮೂರನೇ ಸಲ ಅಧ್ಯಕ್ಷರನ್ನೇ ಕಂಡು, ಆವತ್ತು ನಾವೇ ಮುಚ್ಚಿದ್ದೆವು, ಇನ್ನೊಂದು ಸಲ ಬಂದು ನೋಡಲಿ ಎಂದು ಬೇಡಿಕೊಂಡೆ. ಹೌದು, ಬೇಡಿಕೊಂಡೆ, ಅದನ್ನೂ ಬರೆಯಿರಿ. ಸಲಹೆಗಾರರ ಒಪ್ಪಂದದಲ್ಲಿ ಒಂದೇ ಭೇಟಿ ಇರುವುದು, ಎರಡನೆಯದಕ್ಕೆ ಅವಕಾಶವಿಲ್ಲ, ಹೇಳುವುದೇನಿದ್ದರೂ ಸಾರ್ವಜನಿಕ ಸಭೆಯಲ್ಲಿ ಹೇಳಿ ಎಂದರು. ಅತ್ತೆಯ ಕಥೆ ಹೇಳಿದೆ. ಅಂಥವರಿಗೆಂದೇ ಒಳ್ಳೊಳ್ಳೆ ಆಶ್ರಮಗಳಿವೆಯಲ್ಲಮ್ಮ, ನಿನಗೂ ಹೊರೆ ಇಳಿಯುತ್ತೆ ಎಂದರು. ನಾನು ನಮಸ್ಕಾರ ಹೇಳಿ ಎದ್ದು ಬಂದೆ. ಮಾತಿನಲ್ಲಿ ಮುಗಿಯುವ ಕೆಲಸ ಇದಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದ್ದೆ. ಇದು ದುಡುಕಿನಿಂದ ಆದದ್ದೆಂದು ದಯವಿಟ್ಟು ಯಾರೂ ಬರೆಯಬೇಡಿ.

ನಿನ್ನೆ, ಸಭೆಯ ದಿನ, ಒಂದು ಹಾಳೆ ತಗಡು, ಕತ್ತರಿ, ಕೊಡತಿ, ಬಡಿಯುವ ಕಬ್ಬಿಣದ ದಿಮ್ಮಿ ಇಷ್ಟನ್ನು ಬಡಗಿಯಣ್ಣನ ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋದೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಕಾರಣ ಅತ್ತೆಯನ್ನೂ ಗಾಲಿಕುರ್ಚಿಯಲ್ಲಿ ಕೂರಿಸಿ ನಾನು ತಳ್ಳಿದೆ, ಗಾಡಿಯನ್ನು ವೆಲ್ಡಿಂಗ್ ತಮ್ಮ ತಳ್ಳಿದ. ಅವರನ್ನು ಜನರ ಮರುಕಕ್ಕಾಗಿ ತಂದಿದ್ದೆ ಎಂದು ದೂರಿನಲ್ಲಿದೆ. ನಮ್ಮ ಅತ್ತೆಯನ್ನು ನೋಡಿ ಮರುಕ ಪಟ್ಟವರು ಯಾರೂ ಎರಡನೇ ಸಲ ಪಟ್ಟಿಲ್ಲ. ಬಾಗಿಲಲ್ಲಿ ಕಾವಲುಗಾರ ಇದೇನು ಎಂದು ಕೇಳಿದ. ಆಕ್ಷೇಪಣೆ ಎಂದೆ. ಅವನು ಒಳಗೆ ಬಿಟ್ಟ. ವೇದಿಕೆಯಿಂದ ಹತ್ತು ಅಡಿ ದೂರದಲ್ಲಿ, ಗೋಡೆ ಪಕ್ಕ ನೆಲದ ಮೇಲೆ ಕೂತೆ.

ಹನ್ನೊಂದು ಗಂಟೆಗೆ ಸಭೆ ಶುರುವಾಯಿತು. ಸಲಹೆಗಾರರು ಪರದೆಯ ಮೇಲೆ ಒಂದೊಂದೇ ಬೀದಿ ತೋರಿಸುತ್ತ ಬಂದರು. ನಮ್ಮ ಬೀದಿ ಬಂತು. ಗುಡಿಸಿದ ನೆಲ, ಮುಚ್ಚಿದ ಶಟರು, ನನ್ನ ಎರಡು ಕುರ್ಚಿ, ಹಿಂದೆ ಆ ಹೂವಿನ ಬಟ್ಟೆ. ಇಂಥ ನಿಶ್ಶಬ್ದವನ್ನು ಮುಂದಿನ ಪೀಳಿಗೆಗೆ ಉಳಿಸಿಕೊಡುವುದು ನಮ್ಮ ಹೊಣೆ ಎಂದು ಅವರು ಹೇಳುತ್ತಿದ್ದರು. ನಾನು ಬಡಿಯಲು ಶುರುಮಾಡಿದೆ.

ಅಧ್ಯಕ್ಷರು ಎದ್ದು ನಿಂತು ಏನಮ್ಮ ಇದು ಶಬ್ದ ಎಂದು ಕೂಗಿದರು. ಯಾವ ಶಬ್ದ ಸಾರ್, ನಮ್ಮ ಬೀದಿಯಲ್ಲಿ ಶಬ್ದವೇ ಇಲ್ಲ ಅಂತ ನಿಮ್ಮ ವರದಿಯಲ್ಲೇ ಇದೆಯಲ್ಲ ಎಂದೆ. ಹಿಂದೆ ಕೂತವರು ನಕ್ಕರು. ನಿಲ್ಲಿಸು ಎಂದು ಅವರು ನಾಲ್ಕೈದು ಸಲ ಹೇಳಿದರು. ನಾನು ಸೊಪ್ಪು ಹಾಕಲಿಲ್ಲ. ನಿನಗೆ ಎರಡು ನಿಮಿಷ ಸಮಯ ಕೊಡುತ್ತೇವೆ, ಬಾಯಲ್ಲಿ ಹೇಳು ಎಂದರು. ಬಾಯಲ್ಲಿ ಮೂರು ಸಲ ಹೇಳಿದ್ದೇನೆ ಎಂದೆ. ನಾನು ಮಾಡುತ್ತಿದ್ದದ್ದು ಬಕೆಟ್ಟು, ಅಂಚು ಮಡಿಸಿ ಬಡಿಯುವ ಬಕೆಟ್ಟಿಗೆ ಬೆಸುಗೆ ಬೇಡ, ಬೆಂಕಿ ಬೇಡ. ಸಭಾಂಗಣದಲ್ಲಿ ಬೆಂಕಿ ಹಚ್ಚಬಾರದೆಂಬ ನಿಯಮ ನನಗೆ ಗೊತ್ತಿದ್ದೇ ಅದನ್ನು ಆರಿಸಿಕೊಂಡಿದ್ದೆ. ಕಾವಲುಗಾರ ಬಂದು ಕೊಡತಿಯ ಹಿಡಿಗೆ ಕೈ ಹಾಕಿದ. ನಾನು ಬಿಡಲಿಲ್ಲ, ಅಷ್ಟೇ. ಆಗ ಅತ್ತೆ ಅವನಿಗೆ, ಏಯ್, ಅದು ನಮ್ಮಪ್ಪಂದು, ನಿಂಗೆ ಬಡಿಯೋಕೆ ಬಂದ್ರೆ ಇಟ್ಕೋ, ಬರ್ದಿದ್ರೆ ಬಿಡು ಎಂದರು. ಅವನು ಬಿಟ್ಟ. ಅವನ ಮೈಗೆ ಏನೂ ತಾಗಿಲ್ಲ, ಅವನನ್ನೇ ಕರೆಸಿ ಕೇಳಿ.

ಸಲಹೆಗಾರರು ವೇದಿಕೆಯಿಂದ ಇಳಿದು ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ನಾನು ಬಂದ ದಿನ ಯಾಕಮ್ಮ ನೀವು ಕೆಲಸ ಮಾಡ್ತಿರಲಿಲ್ಲ ಎಂದು ಕೇಳಿದರು. ನೀವು ಬಂದಿದ್ರಲ್ಲ ಸಾರ್, ಅದಕ್ಕೇ ಎಂದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಪರದೆಯ ಮೇಲಿನ ಫೋಟೋ ನೋಡಿದರು, ಹೂವಿನ ಬಟ್ಟೆಯ ಅಡಿಯಲ್ಲಿ ಏನಿತ್ತು ಎಂದು ಕೇಳಿದರು. ಸಿಲಿಂಡರು ಎಂದು ವೆಲ್ಡಿಂಗ್ ತಮ್ಮ ಹಿಂದಿನಿಂದ ಹೇಳಿದ. ಅವರು ಮುಖ ಒರೆಸಿಕೊಂಡು ಎದ್ದು, ಈ ಬೀದಿಯನ್ನು ಮತ್ತೆ ನೋಡಬೇಕು, ನಾನು ಬರೆದದ್ದು ತಪ್ಪಿದೆ ಎಂದು ಎಲ್ಲರ ಎದುರಿಗೇ ಹೇಳಿದರು. ಅಷ್ಟು ಹೇಳುವ ಗಂಡಸರನ್ನು ನಾನು ಹೆಚ್ಚು ಕಂಡಿಲ್ಲ. ಅಧ್ಯಕ್ಷರು ಒಪ್ಪಂದ ಮುಗಿದಿದೆ, ಕರಡು ಹೀಗೇ ಮತಕ್ಕೆ ಹೋಗುತ್ತದೆ ಎಂದರು. ಅದಕ್ಕೆ ನಾನು ಬಕೆಟ್ಟಿನ ತಳ ಕೂರಿಸಲು ಶುರುಮಾಡಿದೆ. ಹನ್ನೆರಡು ಗಂಟೆಗೆ ಸಭೆ ಮುಂದೂಡಿದರು. ಬಕೆಟ್ಟು ಮುಗಿದಿತ್ತು. ಅದನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು ಬಂದೆ. ಅದರಲ್ಲಿ ನೀರು ಸೋರುವುದಿಲ್ಲ.

ಇಲ್ಲಿಗೆ ಬರೆದಾಗ ನಾಲ್ಕು ಗಂಟೆ ಹತ್ತು ನಿಮಿಷ. ಠಾಣೆಯ ಬೆಂಚಿನ ಮೇಲೆ ಮಲಗಿಸಿದ್ದ ಅತ್ತೆಯ ಮಗ್ಗುಲು ಬದಲಿಸಬೇಕಾಗಿದ್ದರಿಂದ ಹೇಳಿಕೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಲಾಯಿತು. ಮಹಿಳಾ ಪೇದೆಯವರು ಕಾಲು ಹಿಡಿದರು, ನಾನು ಹೆಗಲು ಹಿಡಿದೆ. ದಿನವೂ ಎಷ್ಟು ಸಲ ಹೀಗೆ ಎಂದು ಅವರು ಕೇಳಿದರು. ರಾತ್ರಿಯೂ ಸೇರಿಸಬೇಕೋ ಎಂದು ಅತ್ತೆಯೇ ಕೇಳಿದರು. ಮುಖ್ಯಪೇದೆಯವರು ಅಷ್ಟು ಹೊತ್ತು ಕಿಟಕಿ ಕಡೆ ತಿರುಗಿ ನಿಂತಿದ್ದರು. ಮತ್ತೆ ಕೂತು ಬರೆಯತೊಡಗಿದಾಗ ಅತ್ತೆಯ ವಿಷಯ ಪ್ರಕರಣಕ್ಕೆ ಸಂಬಂಧವಿಲ್ಲ ಎಂದು ಇನ್ನೊಮ್ಮೆ ಹೇಳಲಿಲ್ಲ.

ಪುರಸಭೆಯ ಆವರಣಕ್ಕೆ ಇನ್ನು ಮುಂದೆ ಕಸುಬಿನ ಸಾಮಾನು ತರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟರೆ ದೂರನ್ನು ಇಲ್ಲಿಗೇ ಮುಗಿಸಬಹುದು, ಅಧ್ಯಕ್ಷರೂ ಒಪ್ಪಿದ್ದಾರೆ ಎಂದು ತಿಳಿಸಲಾಯಿತು. ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆಂದು ಗೊತ್ತು. ಬರೆದುಕೊಡುವುದಿಲ್ಲ. ಜಪ್ಪಯ್ಯ ಎಂದರೂ ಇಲ್ಲ. ಮುಂದೂಡಿದ ಸಭೆ ಬರುವ ಗುರುವಾರ ಇದೆ. ಆ ಹಳದಿ ಬಣ್ಣ ಹಾಗೇ ಇದ್ದರೆ ನಾನು ಬರುತ್ತೇನೆ, ಬಡಗಿಯಣ್ಣ ಬರುತ್ತಾರೆ, ಹಾಸಿಗೆಯವರು ಹತ್ತಿ ಬಡಿಯುವ ಕೋಲು ತರುತ್ತಾರೆ. ಸಭಾಂಗಣದಲ್ಲಿ ಕರೆಂಟಿನ ಪ್ಲಗ್ಗು ಎಲ್ಲೆಲ್ಲಿದೆ ಎಂದು ಗರಗಸಕ್ಕಾಗಿ ಈಗಾಗಲೇ ನೋಡಿಕೊಂಡಿದ್ದೇವೆ. ಮೊದಲೇ ತಿಳಿಸಲಿಲ್ಲ ಎಂದು ಆಮೇಲೆ ಯಾರೂ ಹೇಳಬಾರದು, ಅದಕ್ಕೆ ಇಲ್ಲೇ ದಾಖಲು ಮಾಡಿಸುತ್ತಿದ್ದೇನೆ. ನ್ಯಾಯಾಲಯ ದಂಡ ಹಾಕಿದರೆ ಕಟ್ಟುತ್ತೇನೆ. ಒಳಗೆ ಹಾಕಿದರೆ ಅತ್ತೆಯನ್ನೂ ಜೊತೆಗೇ ಹಾಕಬೇಕು, ಎರಡು ಗಂಟೆಗೊಮ್ಮೆ ಬೀಗ ತೆಗೆಯಬೇಕು.

ಕೊನೆಯದಾಗಿ, ಸಮನ್ಸ್ ತಲುಪಿಸಲು ವಾಸದ ವಿಳಾಸ ಒಂದು, ಕೆಲಸದ ಜಾಗದ ವಿಳಾಸ ಒಂದು, ಬೇರೆ ಬೇರೆ ಹೇಳಬೇಕೆಂದು ಕೇಳಿದರು. ಎರಡೂ ಒಂದೇ, ಎರಡು ಕಡೆಯೂ ಅದನ್ನೇ ಬರೆಯಿರಿ ಎಂದೆ. ಬರೆದಿದ್ದಾರೆ, ನೋಡಿಕೊಂಡಿದ್ದೇನೆ. ಸಮನ್ಸ್ ತರುವವರು ಹಗಲು ಯಾವಾಗ ಬೇಕಾದರೂ ಬರಬಹುದು. ಯಾರೇ ಬರಲಿ, ನಮ್ಮ ಬೀದಿಯಲ್ಲಿ ಇನ್ನು ಕೆಲಸ ನಿಲ್ಲಿಸುವುದಿಲ್ಲ. ಹೇಳಬೇಕಾದ್ದನ್ನು ಅವರು ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗುತ್ತದೆ.

ಇದಿಷ್ಟೂ ನನ್ನ ಬಾಯಿಂದಲೇ ಬಂದದ್ದು. ಓದಿಸಿ ಕೇಳಿದ್ದೇನೆ, ಒಂದಕ್ಷರ ಕಡಿಮೆಯಾಗಿಲ್ಲ, ತಿದ್ದುವುದೇನೂ ಇಲ್ಲ.

ಸ್ಥಳ: ಪಟ್ಟಣ ಪೊಲೀಸ್ ಠಾಣೆ
ದಿನಾಂಕ: ಹನ್ನೆರಡನೇ ತಾರೀಕು, ಶುಕ್ರವಾರ, ಸಂಜೆ 5.20
ಸಹಿ: ತಗಡಕ್ಕ
ಹೇಳಿಕೆಯನ್ನು ಪೂರ್ತಿ ಕೇಳಿಸಿಕೊಂಡ ಸಾಕ್ಷಿ: ಅತ್ತೆ, ಬಲಗೈ ಹೆಬ್ಬೆಟ್ಟಿನ ಗುರುತು